ಜೋಳದ ಕಾಡಿಗೆ ರೋಗ: ಗುರುತಿಸುವುದರಿಂದ ಬೀಜೋಪಚಾರದವರೆಗೆ

ತೆನೆ ಕಪ್ಪಾಗಿದ್ದು ಕಂಡ ಕೂಡಲೇ ಪಂಪು ಹೆಗಲಿಗೇರಿಸುವವರಿದ್ದಾರೆ. ಆ ದುಡ್ಡು ಪೂರ್ತಿ ದಂಡ. ಜೋಳದಲ್ಲಿ ಕಾಡಿಗೆ ಕಣ್ಣಿಗೆ ಬೀಳುವ ಹೊತ್ತಿಗೆ ಶಿಲೀಂಧ್ರ ತನ್ನ ಕೆಲಸ ಮುಗಿಸಿ ಕೂತಿರುತ್ತದೆ. ಹೆಚ್ಚಿನ ಕಾಡಿಗೆಗಳಲ್ಲಿ ಅದು ಗಿಡದೊಳಗೆ ಹೊಕ್ಕಿದ್ದು ಮೂರು ತಿಂಗಳ ಹಿಂದೆ, ಮೊಳಕೆ ಇನ್ನೂ ಮಣ್ಣಿನೊಳಗೇ ಇದ್ದಾಗ. ಕಪ್ಪಾದ ಕಾಳನ್ನು ಮತ್ತೆ ಬೆಳ್ಳಗೆ ಮಾಡುವ ಔಷಧಿ ಇಲ್ಲ. ಮುಂದಿನ ವರ್ಷದ ಬೆಳೆಯನ್ನು ಮಾತ್ರ ಉಳಿಸಿಕೊಳ್ಳಬಹುದು, ಅದೂ ಬಿತ್ತುವ ಮುನ್ನ ಬೀಜಕ್ಕೆ ಹಚ್ಚುವ, ಎಕರೆಗೆ ಹನ್ನೆರಡು ಗ್ರಾಂ ಗಂಧಕದ ಖರ್ಚಿನಲ್ಲಿ.

ಆದರೆ ಒಂದು ಷರತ್ತಿದೆ. ಜೋಳಕ್ಕೆ ಬರುವ ಕಾಡಿಗೆ ಒಂದಲ್ಲ, ನಾಲ್ಕು. ಎರಡು ಬೀಜದ ಮೈಮೇಲೆ ಕೂತು ಬರುತ್ತವೆ, ಒಂದು ಮಣ್ಣಿನಲ್ಲಿ ಕಾಯುತ್ತದೆ, ಇನ್ನೊಂದು ಗಾಳಿಯಲ್ಲಿ ಬರುತ್ತದೆ. ಗಂಧಕ ಕೆಲಸ ಮಾಡುವುದು ಬೀಜದ ಮೈಮೇಲೆ ಕೂತದ್ದಕ್ಕೆ ಮಾತ್ರ. "ಬೀಜೋಪಚಾರ ಮಾಡಿದ್ದೆ, ಆದರೂ ಕಾಡಿಗೆ ಬಂತು" ಎನ್ನುವವರಲ್ಲಿ ಅರ್ಧ ಜನ ಉಪಚಾರ ಕೆಡಿಸಿಕೊಂಡವರು. ಉಳಿದರ್ಧ ಜನರ ಹೊಲದಲ್ಲಿರುವುದು ಬೀಜದಿಂದ ಬರುವ ಕಾಡಿಗೆಯೇ ಅಲ್ಲ. ಆದ್ದರಿಂದ ಮೊದಲು ಗುರುತು, ಆಮೇಲೆ ಮದ್ದು.

ಹೊಲದಲ್ಲಿ ಗುರುತಿಸುವುದು

ಹಿಂಗಾರಿ ಜೋಳಕ್ಕೆ ಇದಕ್ಕೆ ಒಳ್ಳೆಯ ಕಾಲ ಎಳ್ಳಮಾವಾಸ್ಯೆಯ ಆಸುಪಾಸು. ಚರಗ ಚೆಲ್ಲಲು ಹೇಗೂ ಹೊಲ ಸುತ್ತುತ್ತೀರಿ. ತೆನೆಗಳನ್ನೂ ನೋಡುತ್ತ ಬನ್ನಿ. ತಡವಾಗಿ ಬಿತ್ತಿದ್ದರೆ ಸೀತನಿ (ಎಳೆ ತೆನೆ) ಸುಡುವ ಹೊತ್ತಿಗೆ ಇನ್ನೊಂದು ಸುತ್ತು ಹಾಕಿ. ಬದುವಿನ ಮೇಲೆ ನಿಂತು ನೋಡಿದರೆ ಗೊತ್ತಾಗದು, ಸಾಲಿನೊಳಗೆ ನಡೆಯಬೇಕು. ಐದಾರು ಜಾಗದಲ್ಲಿ ನಿಂತು, ಜಾಗಕ್ಕೆ ನೂರು ತೆನೆ ಎಣಿಸಿ, ಅದರಲ್ಲಿ ಕಾಡಿಗೆ ಎಷ್ಟು ಎಂದು ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ಉಪಚಾರ ಫಲ ಕೊಟ್ಟಿತೋ ಇಲ್ಲವೋ ಎಂದು ತಿಳಿಯಲು ಬೇರೆ ದಾರಿಯಿಲ್ಲ.

*ಕಾಳು ಕಾಡಿಗೆ.* ನಮ್ಮಲ್ಲಿ ಹೆಚ್ಚು ನಷ್ಟ ಮಾಡುವುದು ಇದೇ. ಶಿಲೀಂಧ್ರದ ಹೆಸರು ಸ್ಪೋರಿಸೋರಿಯಂ ಸೋರ್ಘಿ. ಗಿಡ ನೋಡಲು ಆರೋಗ್ಯವಾಗಿರುತ್ತದೆ, ಎತ್ತರವೂ ಸರಿ, ತೆನೆಯ ಆಕಾರವೂ ಸರಿ. ಕಾಳಿನ ಜಾಗದಲ್ಲಿ ಮಾತ್ರ ಬೂದು ಬಣ್ಣದ, ತುದಿ ಚೂಪಾದ ಪುಟ್ಟ ಚೀಲಗಳು, ಅರ್ಧ ಸೆಂಟಿಮೀಟರಿನಿಂದ ಒಂದೂವರೆ ಸೆಂಟಿಮೀಟರಿನವರೆಗೆ. ಕೆಲವು ತೆನೆಗಳಲ್ಲಿ ಪ್ರತಿ ಕಾಳೂ ಹೀಗಾಗಿರುತ್ತದೆ, ಕೆಲವದರಲ್ಲಿ ಒಂದು ಪಕ್ಕ ಮಾತ್ರ. ಒಂದು ಚೀಲ ಕಿತ್ತು ಅಂಗೈಮೇಲಿಟ್ಟು ಉಗುರಿನಿಂದ ಸೀಳಿ. ಮೇಲಿನ ಪೊರೆ ಒಣ ಈರುಳ್ಳಿ ಸಿಪ್ಪೆಯಷ್ಟು ಗಟ್ಟಿ, ತಾನಾಗಿ ಒಡೆಯುವುದಿಲ್ಲ. ಒಳಗೆ ಕಣ್ಣಿಗೆ ಹಚ್ಚುವ ಕಾಡಿಗೆಯಂಥದೇ ನುಣುಪು ಪುಡಿ, ನಡುವೆ ಕಡ್ಡಿಯಂಥ ಗಿಡ್ಡ ಗೂಟ. ಬೆರಳಿಗೆ ಹತ್ತಿದ ಆ ಪುಡಿಯ ಒಂದೊಂದು ಕಣವೂ ಒಂದೊಂದು ಬೀಜಾಣು. ಪೊರೆ ಒಡೆಯುವುದು ರಾಶಿ ಮಾಡುವಾಗ, ಅಂದರೆ ತೆನೆ ಬಡಿದು ಕಾಳು ಬಿಡಿಸುವಾಗ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

*ಬಿಡಿ ಕಾಡಿಗೆ.* ಸ್ಪೋರಿಸೋರಿಯಂ ಕ್ರೂಯೆಂಟಂ. ಇದನ್ನು ತೆನೆಗಿಂತ ಮೊದಲು ಗಿಡವೇ ಹೇಳುತ್ತದೆ: ಗಿಡ್ಡ, ತೆಳು ದಂಟು, ಬುಡದಲ್ಲಿ ಹೆಚ್ಚು ಮರಿ, ಅಕ್ಕಪಕ್ಕದ ಗಿಡಗಳಿಗಿಂತ ಮುಂಚೆಯೇ ತೆನೆ. ತೆನೆ ಸಡಿಲ, ಪೊದೆಯಂತೆ. ಇಲ್ಲಿ ಪೊರೆ ತೆಳುವಾದ್ದರಿಂದ ತೆನೆ ಹೊರಬಿದ್ದ ಸ್ವಲ್ಪ ದಿನಕ್ಕೇ ಒಡೆದು ಪುಡಿ ಹಾರಿಹೋಗಿ, ಉದ್ದನೆಯ ಬಾಗಿದ ಕಪ್ಪು ಗೂಟಗಳಷ್ಟೇ ಉಳಿಯುತ್ತವೆ. ಗೂಟ ಗಿಡ್ಡವಿದ್ದು ಪೊರೆಯೊಳಗೇ ಇದ್ದರೆ ಕಾಳು ಕಾಡಿಗೆ. ಉದ್ದವಾಗಿ ಬಾಗಿ ಬತ್ತಲೆಯಾಗಿದ್ದರೆ ಬಿಡಿ ಕಾಡಿಗೆ.

*ತೆನೆ ಕಾಡಿಗೆ.* ಸ್ಪೋರಿಸೋರಿಯಂ ರೈಲಿಯಾನಂ. ಇದನ್ನು ತಪ್ಪಾಗಿ ಗುರುತಿಸಲು ಸಾಧ್ಯವೇ ಇಲ್ಲ. ಇಡೀ ತೆನೆಯೇ ಒಂದು ದೊಡ್ಡ ಚೀಲ. ಹೊಡೆ (ಎಳೆ ತೆನೆಯನ್ನು ಸುತ್ತಿದ ಎಲೆಯ ಕವಚ) ಬಿಚ್ಚುವಾಗ ಬೆಳ್ಳಗಿನ ಪೊರೆ ಹೊದ್ದ ಉಂಡೆ ಹೊರಬರುತ್ತದೆ, ಪೊರೆ ಹರಿದು ಪುಡಿ ಗಾಳಿಗೆ ಹೋಗುತ್ತದೆ, ಕೊನೆಗೆ ಕಪ್ಪು ನಾರುಗಳ ಸಿಕ್ಕು ಮಾತ್ರ ಜೋತಾಡುತ್ತದೆ. ಇದೇ ಶಿಲೀಂಧ್ರ ಮೆಕ್ಕೆಜೋಳಕ್ಕೂ ಬರುತ್ತದೆ.

*ಉದ್ದ ಕಾಡಿಗೆ.* ಸ್ಪೋರಿಸೋರಿಯಂ ಎಹ್ರೆನ್‌ಬರ್ಗೀ. ಹಳೆಯ ಪುಸ್ತಕಗಳಲ್ಲಿ ಟೋಲಿಪೋಸ್ಪೋರಿಯಂ. ತೆನೆಯ ತುಂಬ ಒಳ್ಳೆಯ ಕಾಳು, ಅಲ್ಲೊಂದು ಇಲ್ಲೊಂದು ಮಾತ್ರ ಉದ್ದನೆಯ, ಸ್ವಲ್ಪ ಬಾಗಿದ ಕೊಳವೆ, ನಾಲ್ಕು ಸೆಂಟಿಮೀಟರಿನವರೆಗೂ ಬೆಳೆದಿದ್ದು. ಸೀಳಿದರೆ ನಡುವೆ ಒಂದೇ ಗೂಟ ಇರುವುದಿಲ್ಲ. ಎಂಟು ಹತ್ತು ಕಂದು ಎಳೆಗಳು ಕೂದಲಿನಂತೆ ಇರುತ್ತವೆ. ಬಿಸಿಲು ಹೆಚ್ಚು, ಮಳೆ ಕಡಿಮೆ ಇರುವ ಸೀಮೆಯಲ್ಲಿ ಇದು ಕಾಣುತ್ತದೆ.

ಯಾವುದಕ್ಕೆ ಬೀಜೋಪಚಾರ, ಯಾವುದಕ್ಕೆ ಅಲ್ಲ

ಕಾಳು ಕಾಡಿಗೆಯ ಸುತ್ತು ಹೀಗಿದೆ. ರಾಶಿ ಮಾಡುವಾಗ ಚೀಲಗಳು ಒಡೆದು ಪುಡಿ ಒಳ್ಳೆಯ ಕಾಳುಗಳ ಮೈಗೆ ಹತ್ತುತ್ತದೆ. ಕಾಳಿನ ಜೊತೆ ಅದೂ ಮನೆ ಸೇರುತ್ತದೆ. ಒಣಗಿದ ಜಾಗದಲ್ಲಿ ಬೀಜಾಣು ಹತ್ತು ವರ್ಷಕ್ಕೂ ಮಿಕ್ಕಿ ಜೀವ ಹಿಡಿದಿರಬಲ್ಲದು. ಬಿತ್ತಿದಾಗ ಬೀಜ ಮೊಳೆತರೆ ಇದೂ ಮೊಳೆಯುತ್ತದೆ. ಮೊಳಕೆ ಮಣ್ಣಿನಿಂದ ಹೊರಬರುವ ಮುನ್ನ ಅದರೊಳಗೆ ತೂರಿ, ಬೆಳೆಯುವ ಸುಳಿಯ ಜೊತೆಜೊತೆಗೇ ಸದ್ದಿಲ್ಲದೆ ಮೇಲೇರಿ, ಹೂವಾಡುವಾಗ ಅಂಡಾಶಯವನ್ನು ತಿಂದು ತನ್ನ ಚೀಲ ಕಟ್ಟುತ್ತದೆ. ಇಡೀ ಸುತ್ತಿನಲ್ಲಿ ಅದು ಬೀಜದ ಹೊರಮೈಮೇಲೆ ಬರಿಮೈಯಲ್ಲಿ ಕೂತಿರುವುದು ಒಂದೇ ಹಂತದಲ್ಲಿ. ಗಂಧಕ ಅಲ್ಲೇ ಹಿಡಿಯುತ್ತದೆ. ಬಿಡಿ ಕಾಡಿಗೆಯೂ ಮುಖ್ಯವಾಗಿ ಹೀಗೆಯೇ ಬರುತ್ತದೆ.

ತೆನೆ ಕಾಡಿಗೆಯ ಬೀಜಾಣು ಮಣ್ಣಿಗೆ ಉದುರಿ ವರ್ಷಗಟ್ಟಲೆ ಕಾಯುತ್ತದೆ. ಶುದ್ಧ ಬೀಜ ತಂದು ಗಂಧಕ ಹಚ್ಚಿ ಬಿತ್ತಿದರೂ ಮೊಳಕೆಗೆ ಹತ್ತುವುದು ಮಣ್ಣಿನಿಂದ. ಉದ್ದ ಕಾಡಿಗೆಯದು ಬೇರೆಯೇ ದಾರಿ: ಗಾಳಿಯಲ್ಲಿ ಬಂದ ಬೀಜಾಣು ಹೊಡೆ ಹಂತದ ಗಿಡದ ಕೊನೆಯ ಎಲೆಯ ಬುಡದಲ್ಲಿ ಬೀಳುತ್ತದೆ, ಅಲ್ಲಿ ಬಟ್ಟಲಿನಂತೆ ನಿಂತ ಮಳೆ ಇಲ್ಲವೇ ಇಬ್ಬನಿಯ ನೀರಿನಲ್ಲಿ ಮೊಳೆತು, ಒಳಗಿರುವ ಎಳೆ ಹೂವುಗಳಿಗೆ ಇಳಿಯುತ್ತದೆ. ಅದಕ್ಕೇ ತೆನೆಯಲ್ಲಿ ಬಿಡಿಬಿಡಿಯಾಗಿ ಕೆಲವೇ ಕಾಳಿಗೆ ಬರುವುದು. ಬೀಜಕ್ಕೆ ಏನು ಹಚ್ಚಿದರೂ ಇದಕ್ಕೆ ಸಂಬಂಧವಿಲ್ಲ.

ಗಂಧಕದ ಬೀಜೋಪಚಾರ, ಹಂತ ಹಂತವಾಗಿ

*ಬೇಕಾದದ್ದು.* ಒಂದು ಎಕರೆ ಹಿಂಗಾರಿ ಜೋಳಕ್ಕೆ 3 ಕಿಲೋ ಬೀಜ. ಕಿಲೋಗೆ 4 ಗ್ರಾಂ ಲೆಕ್ಕದಲ್ಲಿ 12 ಗ್ರಾಂ ಗಂಧಕದ ಪುಡಿ. ಮುಚ್ಚಳ ಬಿಗಿಯಾಗಿ ಕೂರುವ ಒಣ ಡಬ್ಬಿ, ಡ್ರಮ್ಮು ಅಥವಾ ದಪ್ಪ ಪ್ಲಾಸ್ಟಿಕ್ ಚೀಲ. ಮೂಗಿಗೆ ಬಟ್ಟೆ, ಕೈಗೆ ಕವಚ, ಸಾಧ್ಯವಾದರೆ ಕನ್ನಡಕ. ಗಂಧಕ ವಿಷವೇನಲ್ಲ, ಆದರೆ ಕಣ್ಣಿಗೆ ಬಿದ್ದರೆ ಸಂಜೆತನಕ ಉರಿಸುತ್ತದೆ.

ಗಂಧಕದಲ್ಲಿ ಯಾವುದು ಎನ್ನುವುದು ಮುಖ್ಯ. ಬೇಕಾಗಿರುವುದು 300 ಮೆಶ್ (ಇಂಚಿಗೆ 300 ಕಣ್ಣಿನ ಜರಡಿಯಲ್ಲಿ ಇಳಿಯುವ) ನುಣುಪಿನ, ಧೂಳೀಕರಣಕ್ಕೆ ಮಾರುವ ಪುಡಿ. ಜೋಳದ ಕಾಳಿನ ಮೈಗೆ ತೆಳುವಾಗಿ ಹರಡಿ ಅಂಟಿಕೊಳ್ಳುವುದು ಅಷ್ಟು ನುಣುಪಾದದ್ದು ಮಾತ್ರ. ವಿಜಯಪುರ, ಬಾಗಲಕೋಟೆ ಕಡೆ ದ್ರಾಕ್ಷಿ ತೋಟದವರ ಬಳಿ ಬೂದಿ ರೋಗಕ್ಕೆ ತಂದ ಗಂಧಕ ಇರುತ್ತದೆ. ಅದು ನೀರಿಗೆ ಹಾಕುವ ಹರಳು ರೂಪದ್ದಾದರೆ ಒಣ ಬೀಜಕ್ಕೆ ಅಂಟದೆ ತಳಕ್ಕಿಳಿದು ಕೂರುತ್ತದೆ. ಅಂಗಡಿಯ ಗಂಧಕದ ಗಟ್ಟಿ ತಂದು ಮನೆಯಲ್ಲಿ ಕುಟ್ಟುವುದಂತೂ ಬೇಡವೇ ಬೇಡ. ನುಣುಪಾಗುವುದಿಲ್ಲ, ಜೊತೆಗೆ ಗಂಧಕದ ಧೂಳು ಒಂದು ಕಿಡಿ ಬಿದ್ದರೆ ಭಗ್ಗೆಂದು ಹತ್ತಿಕೊಳ್ಳುತ್ತದೆ.

*ಮೊದಲನೆಯದು: ಬೀಜ ಹಸನು ಮಾಡಿ.* ಕೇರಿ, ಜರಡಿ ಹಿಡಿದು ಹೊಟ್ಟು, ಜೊಳ್ಳು, ಒಡೆಯದೆ ಉಳಿದ ಕಾಡಿಗೆ ಚೀಲಗಳನ್ನು ತೆಗೆಯಿರಿ. ಚೀಲಗಳು ಕಾಳಿಗಿಂತ ಹಗುರ, ಮೊರದಲ್ಲಿ ಸುಲಭವಾಗಿ ಹಾರುತ್ತವೆ. ಈ ಕೆಲಸ ಬಿತ್ತನೆ ಹೊಲದಲ್ಲಿ ಬೇಡ, ಹಿತ್ತಿಲಲ್ಲಿ ಮಾಡಿ. ಒಂದು ಚೀಲ ಬೀಜದೊಳಗೆ ಉಳಿದು ಕೂರಿಗೆಯಲ್ಲಿ ಒಡೆದರೆ ಅದರ ಲಕ್ಷಾಂತರ ಬೀಜಾಣುಗಳ ಮುಂದೆ ನಾಲ್ಕು ಗ್ರಾಂ ಗಂಧಕ ಸೋಲುತ್ತದೆ.

*ಎರಡನೆಯದು: ಬೀಜ ಒಣಗಿದೆಯೇ ನೋಡಿ.* ಹಿಂಗಾರಿಗೆ ಬರ ತಾಳಲೆಂದು ಬೀಜವನ್ನು ಶೇ 2ರ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ನೆನೆಸಿ ಗಟ್ಟಿಗೊಳಿಸುವ ಪದ್ಧತಿಯಿದೆ. ಅದನ್ನು ಮಾಡುವುದಾದರೆ ಮೊದಲು ಅದು. ನೆರಳಿನಲ್ಲಿ ಚೆನ್ನಾಗಿ ಒಣಗಿದ ಮೇಲೆ ಗಂಧಕ. ಹಿಂದುಮುಂದಾದರೆ ಹಚ್ಚಿದ ಗಂಧಕವೆಲ್ಲ ನೆನೆಸಿದ ನೀರಿನ ಪಾಲು.

*ಮೂರನೆಯದು: ತೂಗಿ.* ಚಿಟಿಕೆ, ಮುಷ್ಟಿ ಲೆಕ್ಕ ಬೇಡ. ಹನ್ನೆರಡು ಗ್ರಾಂ ಎಂಬುದು ದಿನಸಿ ಅಂಗಡಿಯ ದೊಡ್ಡ ತಕ್ಕಡಿಗೆ ಸಿಗುವ ತೂಕವಲ್ಲ. ನಾಲ್ಕೈದು ಮನೆಯವರು ಸೇರಿ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ 12 ಗ್ರಾಮಿನ ಪೊಟ್ಟಣ ಕಟ್ಟಿಕೊಂಡರೆ ಎಕರೆಗೆ ಒಂದು ಪೊಟ್ಟಣ ಎಂದು ಲೆಕ್ಕ ಸಲೀಸು.

*ನಾಲ್ಕನೆಯದು: ಬೆರೆಸಿ.* ಡಬ್ಬಿಯ ಅರ್ಧಭಾಗ, ಹೆಚ್ಚೆಂದರೆ ಮೂರರಲ್ಲಿ ಎರಡು ಭಾಗ ಮಾತ್ರ ಬೀಜ ತುಂಬಿ. ಪುಡಿಯನ್ನು ಒಂದೇ ಸಲ ಸುರಿಯಬೇಡಿ. ಬೀಜ ಒಂದು ಪದರ, ಪುಡಿ ಒಂದಿಷ್ಟು, ಮತ್ತೆ ಬೀಜ. ಮುಚ್ಚಳ ಹಾಕಿ ಐದರಿಂದ ಹತ್ತು ನಿಮಿಷ ಉರುಳಿಸಿ. ಪ್ಲಾಸ್ಟಿಕ್ ಚೀಲವಾದರೆ ಗಾಳಿ ತುಂಬಿ ಬಾಯಿ ಕಟ್ಟಿ ಕುಲುಕಿ. ಗಾಳಿಯಿಲ್ಲದಿದ್ದರೆ ಬೀಜ ಒಂದರ ಮೇಲೊಂದು ಕೂತು ಹೊರಳುವುದಿಲ್ಲ. ಸೀರೆಯ ತುಂಡಿನ ಮೇಲೆ ಹರಡಿ ಕೈಯಿಂದ ತಿಕ್ಕುವುದು ರೂಢಿಯಲ್ಲಿದೆ, ಆದರೆ ಅದರಲ್ಲಿ ಅರ್ಧ ಪುಡಿ ಬಟ್ಟೆಗೆ, ಕಾಲುಭಾಗ ಕೈಗೆ.

*ಐದನೆಯದು: ಪರೀಕ್ಷಿಸಿ.* ನಡುವಿನಿಂದ ಒಂದು ಹಿಡಿ ಬೀಜ ತೆಗೆದು ಕಪ್ಪು ಬಟ್ಟೆಯ ಮೇಲೆ ಹರಡಿ. ಮಾಲ್ದಂಡಿ ತಳಿಯಂಥ ಮುತ್ತಿನ ಬಣ್ಣದ ದಪ್ಪ ಕಾಳಿನಲ್ಲಿ ಗಂಧಕದ ಹಳದಿ ಮೊದಲ ನೋಟಕ್ಕೆ ಕಾಣುವುದಿಲ್ಲ. ಕಾಳನ್ನು ವಾರೆ ಬೆಳಕಿಗೆ ಹಿಡಿದರೆ ಮೈಮೇಲೆ ಮಸುಕು ಹೊದಿಕೆ ಇರಬೇಕು, ಕಾಳಿನ ಸಹಜ ಹೊಳಪು ಹೋಗಿರಬೇಕು. ಅಲ್ಲಲ್ಲಿ ಹೊಳೆಯುವ ಕಾಳು ಉಳಿದಿದ್ದರೆ ಮತ್ತೆ ಉರುಳಿಸಿ. ಡಬ್ಬಿಯ ತಳದಲ್ಲಿ ಪುಡಿ ಗುಡ್ಡೆಯಾಗಿದ್ದರೆ ಪುಡಿ ದಪ್ಪ, ಇಲ್ಲವೇ ಬೀಜದ ಮೇಲೆ ಹೊಟ್ಟಿನ ಧೂಳಿದೆ.

*ಆರನೆಯದು: ಚೀಲ.* ಉಪಚಾರ ಮಾಡಿದ ಬೀಜವನ್ನು ಅದು ಬಂದ ಹಳೆಯ ಗೋಣಿಚೀಲಕ್ಕೇ ತುಂಬುವ ತಪ್ಪು ಎಲ್ಲೆಡೆ ನಡೆಯುತ್ತದೆ. ಆ ಚೀಲದ ನೂಲಿನಲ್ಲಿ ಕಾಡಿಗೆಯ ಪುಡಿ ತುಂಬಿರುತ್ತದೆ. ಹೊಸ ಚೀಲ ಬಳಸಿ, ಇಲ್ಲವೇ ಹಳೆಯದನ್ನು ಕುದಿನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿ. ಕೂರಿಗೆಯ ಬಟ್ಟಲು, ಕೊಳವೆಗಳನ್ನೂ ಒರೆಸಿ.

ಗಂಧಕ ಸಿಗದಿದ್ದರೆ ಬೇರೆ ಶಿಲೀಂಧ್ರನಾಶಕ: ಥೈರಾಂ ಕಿಲೋಗೆ 3 ಗ್ರಾಂ ಅಥವಾ ಕಾರ್ಬಾಕ್ಸಿನ್ ಕಿಲೋಗೆ 2 ಗ್ರಾಂ. ಕಾರ್ಬಾಕ್ಸಿನ್‌ಗೆ ಬೆಲೆ ಹೆಚ್ಚು, ಬರಿ ಕಾಳು ಕಾಡಿಗೆಗೆ ಅಷ್ಟು ದೊಡ್ಡ ಆಯುಧ ಬೇಕಿಲ್ಲ. ಅಜೋಸ್ಪಿರಿಲಂ ಮುಂತಾದ ಜೀವಾಣು ಗೊಬ್ಬರ ಹಚ್ಚುವವರು ಅದನ್ನು ಕೊನೆಗೆ, ಬಿತ್ತುವ ಹೊತ್ತಿಗೆ ಸರಿಯಾಗಿ, ನೆರಳಿನಲ್ಲಿ ಹಚ್ಚಿ. ಶಿಲೀಂಧ್ರನಾಶಕದ ಜೊತೆ ಒಂದೇ ಡಬ್ಬಿಯಲ್ಲಿ ಕಲಸಿಟ್ಟರೆ ಗೊಬ್ಬರದ ಜೀವಾಣು ಸಾಯುತ್ತದೆ.

ಉಪಚಾರ ಮಾಡಿಯೂ ಬಂತೆಂದರೆ

ಮೇಲೆ ಹೇಳಿದ ತಪ್ಪುಗಳನ್ನು ಬಿಟ್ಟರೆ ಎರಡು ಕಾರಣ ಉಳಿಯುತ್ತವೆ.

ಒಂದು, ಬಿತ್ತನೆಯ ಆಳ ಮತ್ತು ಕಾಲ. ಶಿಲೀಂಧ್ರಕ್ಕೆ ಬಾಗಿಲು ತೆರೆದಿರುವುದು ಬೀಜ ಮೊಳೆತಾಗಿನಿಂದ ಮೊಳಕೆ ಮಣ್ಣಿನಿಂದ ಹೊರಬರುವವರೆಗೆ. ಆ ಅವಧಿ ಉದ್ದವಾದಷ್ಟೂ ಅದಕ್ಕೆ ಅನುಕೂಲ. ಎರೆ ಭೂಮಿಯಲ್ಲಿ ಹಸಿ ಕೆಳಗಿಳಿದಿದೆ ಎಂದು ಮೂರು ನಾಲ್ಕು ಇಂಚು ಆಳಕ್ಕೆ ಬಿತ್ತಿದರೆ, ಅಥವಾ ಅಕ್ಟೋಬರ್ ದಾಟಿ ಮಣ್ಣು ತಣ್ಣಗಾದ ಮೇಲೆ ಬಿತ್ತಿದರೆ, ಮೊಳಕೆ ಕೆಳಗೇ ಹೆಚ್ಚು ದಿನ ಉಳಿಯುತ್ತದೆ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಬಿತ್ತಿದ ಜೋಳ ಬೇಗ ಮೇಲೇಳುತ್ತದೆ. ಹಸಿ ಆಳದಲ್ಲಿದ್ದಾಗ ಆಳಕ್ಕೇ ಬಿತ್ತಬೇಕಾಗುತ್ತದೆ, ಬೇರೆ ದಾರಿಯಿಲ್ಲ. ಅಂಥ ವರ್ಷ ಬೀಜೋಪಚಾರವನ್ನು ಮಾತ್ರ ತಪ್ಪಿಸಬೇಡಿ.

ಎರಡು, ಕೂಳೆ, ಅಂದರೆ ಕೊಯ್ದ ಬುಡದಿಂದ ಮತ್ತೆ ಚಿಗುರುವ ಬೆಳೆ. ಕಾಡಿಗೆ ಬಿದ್ದ ಹೊಲವನ್ನು ಕೊಯ್ದು ಮೇವಿಗೋ ಎರಡನೇ ತೆನೆಗೋ ಕೂಳೆ ಬಿಟ್ಟರೆ, ರೋಗ ಹೊತ್ತ ಬುಡದಿಂದ ಬರುವ ಮರಿಗಳೂ ಕಾಡಿಗೆಯನ್ನೇ ಹೊರುತ್ತವೆ. ಮೊದಲ ಬೆಳೆಯಲ್ಲಿ ಆರೋಗ್ಯವಾಗಿ ಕಂಡ ಗಿಡದ ಕೂಳೆಯಲ್ಲೂ ಅದು ಹೊರಬೀಳಬಹುದು.

ತೆನೆ ಕಾಡಿಗೆ, ಉದ್ದ ಕಾಡಿಗೆ ಇದ್ದರೆ

ಇಲ್ಲಿ ಕೆಲಸವೆಲ್ಲ ಹೊಲದಲ್ಲೇ. ತೆನೆ ಕಾಡಿಗೆಯ ಉಂಡೆ ಪೊರೆ ಹೊದ್ದಿರುವಾಗಲೇ ಹಿಡಿಯಬೇಕು. ಹೊಡೆ ಬಿಚ್ಚುವ ಹತ್ತು ಹದಿನೈದು ದಿನ, ಮೂರು ದಿನಕ್ಕೊಮ್ಮೆ ಸುತ್ತು. ಬೆಳಿಗ್ಗೆ ಇಬ್ಬನಿ ಆರುವ ಮುನ್ನ ಹೋದರೆ ಪುಡಿ ಹಾರುವುದು ಕಡಿಮೆ. ಪ್ಲಾಸ್ಟಿಕ್ ಚೀಲವನ್ನು ಮೇಲಿನಿಂದ ಟೊಪ್ಪಿಗೆಯಂತೆ ಹಾಕಿ, ಕೆಳಗೆ ಮುಷ್ಟಿಯಲ್ಲಿ ಹಿಡಿದು, ಆಮೇಲೆ ಕತ್ತರಿಸಿ. ಕತ್ತರಿಸಿ ಆಮೇಲೆ ಚೀಲಕ್ಕೆ ಹಾಕುವುದು ಮುಂದಿನ ವರ್ಷಕ್ಕೆ ಬಿತ್ತಿದಂತೆ. ಬುಡಸಮೇತ ಗಿಡ ಕಿತ್ತರೆ ಇನ್ನೂ ಒಳ್ಳೆಯದು, ಮರಿಗಳೂ ಹೋಗುತ್ತವೆ. ಕೂಡಿದ್ದನ್ನು ಸುಡಿ ಅಥವಾ ಆಳವಾಗಿ ಹೂಳಿ. ತಿಪ್ಪೆಗೆ, ದನದ ಗ್ವಾದಲಿಗೆ ಹಾಕಬೇಡಿ. ಗೊಬ್ಬರದ ಬಂಡಿಯಲ್ಲಿ ಮತ್ತೆ ಹೊಲಕ್ಕೆ ವಾಪಸು ಬರುತ್ತದೆ.

ಹೆಚ್ಚು ಬಿದ್ದ ಹೊಲದಲ್ಲಿ ಮೂರು ನಾಲ್ಕು ವರ್ಷ ಜೋಳ ಬಿಟ್ಟು ಕಡಲೆ, ಕುಸುಬಿ, ತೊಗರಿ ಮಾಡಿ. ಮೆಕ್ಕೆಜೋಳ ಪರ್ಯಾಯವಲ್ಲ, ಅದಕ್ಕೂ ಇದೇ ರೋಗ. ಉದ್ದ ಕಾಡಿಗೆಗೆ ಸಾಮಾನ್ಯವಾಗಿ ನಷ್ಟ ಕಡಿಮೆ; ರೋಗದ ಕಾಳುಗಳನ್ನು ಆಯ್ದು ತೆಗೆಯುವುದಕ್ಕಿಂತ ಹೆಚ್ಚಿನ ಖರ್ಚು ಅದಕ್ಕೆ ಮಾಡುವುದು ದಡ್ಡತನ.

ಬೀಜಕ್ಕೆ ತೆನೆ ಆರಿಸುವುದು ಮತ್ತು ರಾಶಿ

ಕಾಳು ಕಾಡಿಗೆ ಕಾಣುವುದು ಹೊಲದಲ್ಲಿ, ಹರಡುವುದು ಕಣದಲ್ಲಿ. ಆದ್ದರಿಂದ ಮುಂದಿನ ವರ್ಷದ ಬೀಜ ಕಣಕ್ಕೆ ಬರುವ ಮುಂಚೆಯೇ ಬೇರೆಯಾಗಬೇಕು. ಕೊಯ್ಲಿಗೆ ಒಂದು ವಾರ ಮುಂಚೆ, ಕಾಡಿಗೆ ಇಲ್ಲದ ಪಟ್ಟಿಯಲ್ಲಿ ಒಳ್ಳೆಯ ತೆನೆಗಳಿಗೆ ದಾರ ಕಟ್ಟಿ ಗುರುತು ಮಾಡಿ. ಅವನ್ನು ಪ್ರತ್ಯೇಕ ಕೊಯ್ದು, ಪ್ರತ್ಯೇಕ ಒಣಗಿಸಿ, ತಾಡಪತ್ರಿಯ ಮೇಲೆ ಕೋಲಿನಿಂದ ಬಡಿದು ಕಾಳು ಬಿಡಿಸಿ. ಮೂರು ಕಿಲೋ ಬೀಜಕ್ಕೆ ಹತ್ತಾರು ತೆನೆ ಸಾಕು, ಅರ್ಧ ತಾಸಿನ ಕೆಲಸ.

ಎತ್ತು ತುಳಿಸುವ ಹಂತಿ ಹೋಗಿ ಬಾಡಿಗೆ ರಾಶಿ ಮಶೀನು ಬಂದ ಮೇಲೆ ತೊಂದರೆ ಹೆಚ್ಚಾಗಿದೆ. ನಿನ್ನೆ ಯಾರದೋ ಕಾಡಿಗೆ ಬಿದ್ದ ಜೋಳ ಬಡಿದ ಮಶೀನು ಇವತ್ತು ನಿಮ್ಮ ಕಣಕ್ಕೆ ಬರುತ್ತದೆ. ಅದರ ಜರಡಿ, ಫ್ಯಾನಿನ ಗೂಡಿನಲ್ಲಿ ಪುಡಿ ಕೂತಿರುತ್ತದೆ. ಮಶೀನಿನಲ್ಲೇ ಬೀಜದ ರಾಶಿ ಮಾಡಿಸಬೇಕಾದರೆ ಮೊದಲ ಎರಡು ಚೀಲ ಕಾಳನ್ನು ಊಟಕ್ಕೆ ಇಟ್ಟುಕೊಳ್ಳಿ, ಬೀಜವನ್ನು ಆಮೇಲೆ ಬರುವುದರಲ್ಲಿ ತೆಗೆಯಿರಿ. ಇದು ಪೂರ್ತಿ ರಕ್ಷಣೆಯಲ್ಲ, ಗಂಧಕದ ಕೆಲಸವನ್ನು ಹಗುರ ಮಾಡುತ್ತದೆ ಅಷ್ಟೇ.

ಮನೆಯ ಬೀಜಕ್ಕೆ ಪುಡಿ ಹತ್ತಿದೆಯೇ ಎಂದು ನೋಡಲು ಒಂದು ಹಿಡಿ ಕಾಳನ್ನು ಗಾಜಿನ ಬಾಟಲಿಯಲ್ಲಿ ಸ್ವಲ್ಪ ಶುದ್ಧ ನೀರು, ಒಂದು ಹನಿ ಸಾಬೂನಿನ ದ್ರವ ಹಾಕಿ ಎರಡು ನಿಮಿಷ ಕುಲುಕಿ. ನೀರನ್ನು ಬಿಳಿ ಬಟ್ಟಲಿಗೆ ಬಸಿದು ಒಂದು ತಾಸು ಬಿಡಿ. ತಳದಲ್ಲಿ ಕಪ್ಪು ಗಸಿ ಕೂತರೆ ಆ ಬೀಜ ಬೇಡ. ಗಸಿ ಕಾಣದಿದ್ದರೆ ಶುದ್ಧವೆಂದೇನೂ ಅಲ್ಲ. ಬೀಜಾಣು ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವಷ್ಟು ಚಿಕ್ಕದು. ಆದ್ದರಿಂದ ಗಂಧಕ ಹೇಗಿದ್ದರೂ ಹಚ್ಚಿ.

ಉಪಚಾರ ಮಾಡಿ ಉಳಿದ ಬೀಜವನ್ನು ಹಿಟ್ಟಿಗಾಗಲಿ ಕೋಳಿಗಾಗಲಿ ಹಾಕಬೇಡಿ. ಥೈರಾಂ, ಕಾರ್ಬಾಕ್ಸಿನ್ ಹಚ್ಚಿದ್ದಾದರೆ ತೊಳೆದರೂ ಬೇಡ. 1971–72ರಲ್ಲಿ ಇರಾಕಿನಲ್ಲಿ ಪಾದರಸದ ಔಷಧಿ ಹಚ್ಚಿದ ಬಿತ್ತನೆ ಗೋಧಿ ಬಿತ್ತನೆ ಕಾಲ ಮೀರಿ ರೈತರ ಕೈಸೇರಿ, ಅವರು ಅದನ್ನು ರೊಟ್ಟಿ ಮಾಡಿ ತಿಂದು ನೂರಾರು ಜನ ಸತ್ತರು. ಬೀಜಕ್ಕೆ ಬಣ್ಣ ಹಾಕಿತ್ತು. ತೊಳೆದಾಗ ಬಣ್ಣ ಹೋಯಿತು, ವಿಷ ಹೋಗಲಿಲ್ಲ. ಪಾದರಸದ ಬೀಜೋಪಚಾರ ಔಷಧಿಗಳು ನಮ್ಮ ದೇಶದಲ್ಲಿ ಈಗ ನಿಷೇಧವಾಗಿವೆ. ಹಳೆಯ ಡಬ್ಬಿ ಅಟ್ಟದ ಮೇಲೆ ಉಳಿದಿದ್ದರೆ ಮುಟ್ಟದೆ ಕೃಷಿ ಇಲಾಖೆಯವರಿಗೆ ತಿಳಿಸಿ.

ಗೋಧಿಗೆ ಬೇರೆಯೇ ದಾರಿ

ಜೋಳದ ಅಭ್ಯಾಸದಲ್ಲಿ ಗೋಧಿಗೂ ಗಂಧಕ ಹಚ್ಚಿ ಸುಮ್ಮನಾಗುವವರು ಮೋಸ ಹೋಗುತ್ತಾರೆ. ಗೋಧಿಯ ಬಿಡಿ ಕಾಡಿಗೆ, ಅಂದರೆ ಅಸ್ಟಿಲಾಗೋ ಟ್ರಿಟಿಸಿ, ಬೀಜದ ಮೈಮೇಲಲ್ಲ, ಒಳಗೆ ಭ್ರೂಣದಲ್ಲಿ ಮಲಗಿರುತ್ತದೆ. ಹೂವಾಡುವ ದಿನಗಳಲ್ಲಿ ಗಾಳಿಯಲ್ಲಿ ಬಂದ ಬೀಜಾಣು ಹೂವಿನೊಳಗೆ ಮೊಳೆತು ಕಟ್ಟುತ್ತಿರುವ ಕಾಳನ್ನು ಸೇರಿರುತ್ತದೆ. ಆ ಕಾಳು ಹೊರಗಿನಿಂದ ನೋಡಲು ದುಂಡಗೆ, ಮೊಳೆಯುವುದೂ ಸೊಗಸಾಗಿ. ಮುಂದಿನ ವರ್ಷ ಅದರ ತೆನೆ ಉಳಿದವುಗಳಿಗಿಂತ ಒಂದೆರಡು ದಿನ ಮೊದಲೇ ಕಪ್ಪಾಗಿ ಹೊರಬಂದು, ಪುಡಿ ಹಾರಿ, ಬರಿ ದಂಟು ಉಳಿಯುತ್ತದೆ. ಧಾರವಾಡ, ಬೆಳಗಾವಿ ಕಡೆ ಮನೆಬೀಜ ಇಟ್ಟುಕೊಳ್ಳುವವರು ಇದನ್ನು ಗಮನಿಸಬೇಕು.

ಮೈಗೆ ಹಚ್ಚಿದ್ದು ಒಳಗೆ ಇಳಿಯುವ ಅಂತರ್ವ್ಯಾಪಿ ಔಷಧಿಯೇ ಬೇಕು. ಅಂಥ ಔಷಧಿಗಳಲ್ಲಿ ಮೊದಲಿನವುಗಳಲ್ಲೊಂದಾದ ಕಾರ್ಬಾಕ್ಸಿನ್ ಸುದ್ದಿಯಾದದ್ದು 1966ರಲ್ಲಿ. ಅದಕ್ಕೂ ಮುಂಚೆ ಬಿಸಿನೀರು, ಬಿಸಿಲು ಬಿಟ್ಟರೆ ಗತಿಯಿರಲಿಲ್ಲ. ಪ್ರಮಾಣ: ಕಾರ್ಬಾಕ್ಸಿನ್ ಶೇ 75ರ ಪುಡಿ ಕಿಲೋಗೆ 2.5 ಗ್ರಾಂ, ಅಂದರೆ 50 ಕಿಲೋ ಬೀಜಕ್ಕೆ 125 ಗ್ರಾಂ. ಅಥವಾ ಟೆಬುಕೊನಜೋಲ್ 2 ಡಿಎಸ್ (ಬೀಜೋಪಚಾರಕ್ಕೆ ಮಾರುವ ಶೇ 2ರ ಪುಡಿ) ಕಿಲೋಗೆ 1 ಗ್ರಾಂ. ಕಿಲೋ ಬೀಜಕ್ಕೆ 5ರಿಂದ 10 ಮಿಲಿ ನೀರಿನಲ್ಲಿ ಗಂಜಿಯಂತೆ ಕಲಸಿ ಹಚ್ಚಿ ನೆರಳಿನಲ್ಲಿ ಆರಿಸಿದರೆ ಗೋಧಿಯ ನಡುಸೀಳಿನೊಳಗೂ ಹಿಡಿಯುತ್ತದೆ.

ಔಷಧಿ ಬೇಡವೆನ್ನುವವರಿಗೆ ಬಿಸಿಲಿನ ಪದ್ಧತಿ ಇದೆ. 1930ರ ದಶಕದಲ್ಲಿ ಲಾಯಲ್‌ಪುರದಲ್ಲಿ, ಈಗಿನ ಪಾಕಿಸ್ತಾನದ ಫೈಸಲಾಬಾದಿನಲ್ಲಿ, ಲೂಥ್ರಾ ಮತ್ತು ಸತ್ತಾರ್ ಎಂಬ ವಿಜ್ಞಾನಿಗಳು ರೂಪಿಸಿದ್ದು. ಮೇ ತಿಂಗಳ ಮೋಡವಿಲ್ಲದ, ಗಾಳಿಯಿಲ್ಲದ ದಿನ ಬೆಳಿಗ್ಗೆ 8ಕ್ಕೆ ಬೀಜವನ್ನು ನೀರಿನಲ್ಲಿ ಹಾಕಿ, ತೇಲಿದ್ದು ತೆಗೆದು, 12ರವರೆಗೆ ನೆನೆಸಿ. ನೆನೆದಾಗ ಒಳಗೆ ಮಲಗಿದ್ದ ಶಿಲೀಂಧ್ರ ಎಚ್ಚರಗೊಳ್ಳುತ್ತದೆ. ಮಲಗಿದ್ದಾಗ ತಾಳುವ ಶಾಖವನ್ನು ಎದ್ದಾಗ ತಾಳುವುದಿಲ್ಲ. 12ರಿಂದ 4ರವರೆಗೆ ಸಿಮೆಂಟು ಮಾಳಿಗೆ ಅಥವಾ ತಗಡಿನ ಮೇಲೆ ಒಂದೇ ಕಾಳಿನ ದಪ್ಪಕ್ಕೆ ಹರಡಿ. ರಾಶಿಯಾಗಿ ಹಾಕಿದರೆ ಕೆಳಗಿನ ಕಾಳು ಬಿಸಿಯಾಗದೆ ಮೊಳಕೆಯೊಡೆಯುತ್ತದೆ. ಮರುದಿನವೂ ಒಣಗಿಸಿ, ಪೂರ್ತಿ ಗರಿಗರಿಯಾದ ಮೇಲೆ ತುಂಬಿಡಿ. ಇದು ನಡೆಯುವುದು 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಂಥ ಬಿಸಿಲಿಗೆ. ಧಾರವಾಡದ ಮೇ ತಿಂಗಳ ಮಧ್ಯಾಹ್ನದ ಮೋಡ ನಂಬಿ ಮಾಡಿದರೆ ಶಿಲೀಂಧ್ರ ಎಚ್ಚರವೂ ಆಗುತ್ತದೆ, ಬದುಕಿಯೂ ಉಳಿಯುತ್ತದೆ. ಬಿತ್ತುವ ಮುನ್ನ ನೂರು ಕಾಳು ಮೊಳಕೆ ಕಟ್ಟಿ ನೋಡಿ. 85ಕ್ಕಿಂತ ಕಡಿಮೆ ಬಂದರೆ ಬೇರೆ ಬೀಜ ನೋಡಿಕೊಳ್ಳಿ.

ಡೆನ್ಮಾರ್ಕಿನ ಜೆನ್ಸನ್ 1880ರ ದಶಕದಲ್ಲಿ ತಂದ ಬಿಸಿನೀರಿನ ವಿಧಾನವೂ ಇದೇ ತತ್ವದ್ದು: ನಾಲ್ಕು ತಾಸು ನೆನೆಸಿ, 52 ಡಿಗ್ರಿ ನೀರಿನಲ್ಲಿ 10–11 ನಿಮಿಷ. ಶಾಖ ಹೆಚ್ಚಾದರೆ ಬೀಜ ಸಾಯುತ್ತದೆ, ಕಡಿಮೆಯಾದರೆ ಶಿಲೀಂಧ್ರ ಬದುಕುತ್ತದೆ. ಒಳ್ಳೆಯ ಥರ್ಮಾಮೀಟರು, ನೀರು ಕದಡುವ ವ್ಯವಸ್ಥೆ ಇಲ್ಲದೆ ಮನೆಯ ಹಂಡೆಯಲ್ಲಿ ಇದಕ್ಕೆ ಕೈಹಾಕಬೇಡಿ.

ಉಳಿದ ಬೆಳೆಗಳು

ನವಣೆಯ ಕಾಡಿಗೆ ಬೀಜದ ಮೈಮೇಲಿನದು, ಜೋಳದಂತೆಯೇ ಉಪಚಾರ. ಸಜ್ಜೆಯದು ಗಾಳಿಯಿಂದ ಹೂವಿಗೆ ಬರುತ್ತದೆ. ಬೇಗ ಪರಾಗ ಸಿಕ್ಕಿದ ಹೂವು ಪಾರಾಗುತ್ತದೆ, ಹೂವಾಡುವಾಗ ಮಳೆ ಹಿಡಿದರೆ ಹೆಚ್ಚುತ್ತದೆ. ರಾಗಿಯದೂ ಹಾಗೆಯೇ ತೆನೆಯಲ್ಲಿ ಬಿಡಿಬಿಡಿ ಕಾಳಿಗೆ ಬರುತ್ತದೆ, ಬೀಜೋಪಚಾರಕ್ಕೆ ಬಗ್ಗುವುದಿಲ್ಲ. ಮೆಕ್ಕೆಜೋಳದ ತೆನೆಯಲ್ಲಿ ಬೆಳ್ಳಗಿನ ಗಂಟು ಕಟ್ಟುವ ಸಾಮಾನ್ಯ ಕಾಡಿಗೆಯನ್ನು ಮೆಕ್ಸಿಕೋದಲ್ಲಿ ವಿಟ್ಲಕೋಚೆ ಎಂದು ಕರೆದು ತರಕಾರಿಯಂತೆ ಮಾರಿ ತಿನ್ನುತ್ತಾರೆ. ನಮ್ಮಲ್ಲಿ ಗಂಟು ಒಡೆಯುವ ಮುನ್ನ ಕಿತ್ತು ಹೂಳುವುದೇ ಸರಿ.

ಭತ್ತದ ತೆನೆಯಲ್ಲಿ ಹಳದಿ, ಆಮೇಲೆ ಹಸಿರುಗಪ್ಪು ಉಂಡೆ ಕಟ್ಟುವ ಹುಸಿ ಕಾಡಿಗೆ ಈ ಕುಲದ್ದೇ ಅಲ್ಲ. ಅದಕ್ಕೆ ಹೊಡೆ ಹಂತದ ಸಿಂಪಡಣೆ ಬೇಕು, ಈ ಬರಹದ ಯಾವ ಮದ್ದೂ ತಾಗದು.

ಕಬ್ಬಿನಲ್ಲಿ ಕಾಡಿಗೆ ಬಂದರೆ ಸುಳಿಯಿಂದಲೇ ಕಪ್ಪು ಚಾಟಿ ಹೊರಡುತ್ತದೆ, ಒಮ್ಮೊಮ್ಮೆ ಒಂದು ಮೀಟರ್ ಉದ್ದ. ಇದು ಬಿತ್ತನೆ ತುಂಡಿನಲ್ಲೇ ಬರುವುದರಿಂದ ಅಂಥ ತೋಟದಿಂದ ಬೀಜದ ಕಬ್ಬು ತರಬೇಡಿ. ತುಂಡುಗಳಿಗೆ 50 ಡಿಗ್ರಿ ಬಿಸಿನೀರಿನಲ್ಲಿ 2 ತಾಸು ಉಪಚಾರ ಮಾಡುವ ಸೌಲಭ್ಯ ಸಕ್ಕರೆ ಕಾರ್ಖಾನೆಯವರಲ್ಲಿದ್ದರೆ ಬಳಸಿಕೊಳ್ಳಿ. ಚಾಟಿ ಕಂಡ ಕೂಡಲೇ ತೆನೆ ಕಾಡಿಗೆಯಂತೆಯೇ ಚೀಲ ಹೊದಿಸಿ ಕತ್ತರಿಸಿ, ಬುಡ ಅಗೆದು ತೆಗೆಯಿರಿ, ಆ ಹೊಲದಲ್ಲಿ ಕೂಳೆ ಬಿಡಬೇಡಿ.